ದೊಡ್ಡಜಾಲದ ರೈಲು ನಿಲ್ದಾಣ: ಒಂದು ಪರಿಶೀಲನೆ

(ಅಂತಿಮ ಬಿ.ಎ. ವಿದ್ಯಾರ್ಥಿನಿ, ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ)

ನಮ್ಮ ಪಠ್ಯಪುಸ್ತಕಗಳಲ್ಲಿ ರೈಲ್ವೆಯ ಇತಿಹಾಸಕ್ಕೆ ಒಂದೆರಡು ಪುಟಗಳು ಮೀಸಲಾಗಿರುತ್ತವೆ. 1853ರಲ್ಲಿ ಬೊಂಬಾಯಿಯಿಂದ ಠಾಣೆಗೆ ಮೊದಲನೆಯ ಪ್ರಯಾಣಿಕರ ಗಾಡಿ ಓಡಿದುದನ್ನೂ, ಡಾಲ್‌ಹೌಸಿಯು ಹಳಿಗಳಿಗೆ ಕೊಟ್ಟ ಉತ್ತೇಜನವನ್ನೂ ಓದಿ ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಆದರೆ ಆ ಹಳಿಗಳ ಉದ್ದಕ್ಕೂ ಗಾಡಿ ನಿಲ್ಲುತ್ತಿದ್ದ ಸಣ್ಣ ಊರುಗಳ ಮಾತು ಆ ಪುಟಗಳಲ್ಲಿ ಬರುವುದಿಲ್ಲ. ಅಂತಹ ಒಂದು ಊರಿನ ನಿಲ್ದಾಣವನ್ನು ಎತ್ತಿಕೊಂಡು, ಅದು ಹುಟ್ಟಿದ್ದೇಕೆ, ಬಳಕೆ ತಪ್ಪಿದ್ದೇಕೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಾನು ಆರಿಸಿಕೊಂಡದ್ದು ದೊಡ್ಡಜಾಲದ ನಿಲ್ದಾಣ. ಬೆಂಗಳೂರಿನಿಂದ ಯಲಹಂಕದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಾದಿಯಲ್ಲಿ ಬೆಟ್ಟಹಲಸೂರು ದಾಟಿದ ಮೇಲೆ, ದೇವನಹಳ್ಳಿಗೆ ಮೊದಲು, ಇದು ಸಿಗುತ್ತದೆ. ಕಲ್ಲಿನಲ್ಲಿ ಕಟ್ಟಿದ ಗಟ್ಟಿಯಾದ ಸಣ್ಣ ಕಟ್ಟಡ. ಮುಂಭಾಗದಲ್ಲಿ ಕಲ್ಲಿನ ಕಮಾನುಗಳು. ಒಂದು ಹಳ್ಳಿಯ ನಿಲ್ದಾಣಕ್ಕೆ ಇಷ್ಟು ಅಚ್ಚುಕಟ್ಟಾದ ಕಟ್ಟಡ ಬೇಕಿತ್ತೇ ಎಂದು ನೋಡಿದವರಿಗೆ ಅನ್ನಿಸಬಹುದು. ಬೇಕೆಂದು ತಿಳಿದವರು ಒಂದು ಕಾಲದಲ್ಲಿ ಇದ್ದರು ಎಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

ಹಾದಿಯ ಹುಟ್ಟು

ಮೈಸೂರು ಸಂಸ್ಥಾನಕ್ಕೆ ರೈಲು ಬಂದದ್ದು 1864ರಲ್ಲಿ. ಆ ವರ್ಷ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬ್ರಾಡ್ ಗೇಜಿನ ಹಾದಿ ತೆರೆಯಿತು. ಮದರಾಸಿಗೂ ಬೆಂಗಳೂರಿಗೂ ಕೊಂಡಿ ಬಿದ್ದಿತು. ಆದರೆ ಹಳಿ ಪಟ್ಟಣಕ್ಕೆ ಬಂದ ಮಾತ್ರಕ್ಕೆ ಸುತ್ತಣ ಹಳ್ಳಿಗೆ ಬಂದಂತಾಗಲಿಲ್ಲ. ಇದರ ಅರ್ಥ ಜನರಿಗೆ ತಿಳಿದದ್ದು 1876ರಿಂದ 1878ರವರೆಗೆ ಬಿದ್ದ ಮಹಾ ಕ್ಷಾಮದಲ್ಲಿ. ಧಾತು, ಈಶ್ವರ ಎಂಬ ಸಂವತ್ಸರಗಳಲ್ಲಿ ಬಂದ ಆ ಬರವನ್ನು ನಮ್ಮ ಕಡೆ ಇಂದಿಗೂ 'ಧಾತು ಈಶ್ವರದ ಬರ' ಎಂದೇ ಹಿರಿಯರು ಕರೆಯುತ್ತಾರೆ. ಹೊರಗಿನಿಂದ ಧಾನ್ಯ ತಂದರೂ ಅದನ್ನು ಹಳ್ಳಿಗೆ ಮುಟ್ಟಿಸಬೇಕಾದದ್ದು ಎತ್ತಿನ ಗಾಡಿ. ಮನುಷ್ಯರಿಗೇ ಅನ್ನವಿಲ್ಲದ ಕಾಲದಲ್ಲಿ ಎತ್ತಿಗೆ ಮೇವೆಲ್ಲಿಂದ ಬರಬೇಕು? ಸಂಸ್ಥಾನದ ಜನಸಂಖ್ಯೆಯಲ್ಲಿ ಹತ್ತು ಲಕ್ಷದಷ್ಟು ಮಂದಿ ಆ ಬರಕ್ಕೆ ತುತ್ತಾದರೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಅನಂತರದ ವರ್ಷಗಳಲ್ಲಿ ಬೆಂಗಳೂರು-ಮೈಸೂರು ಹಾದಿಯೇ ಮೊದಲಾಗಿ ಸಂಸ್ಥಾನದ ಹಲವು ದಿಕ್ಕುಗಳಿಗೆ ಮೀಟರ್ ಗೇಜಿನ ಹಳಿಗಳು ಬಿದ್ದವು. ಅವುಗಳಲ್ಲಿ ಹಿಂದೂಪುರದ ಕಡೆಗೆ ಹೋದ ಹಾದಿ ಯಲಹಂಕದ ಮೂಲಕ ಹಾಯಿತು.

ಆದರೂ ಕೋಲಾರ ಸೀಮೆಯ ಬಹುಭಾಗ ಹಳಿಯಿಂದ ದೂರವೇ ಉಳಿದಿತ್ತು. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೆರೆಯನ್ನೇ ನಂಬಿದ ನಾಡಿದು. ರಾಗಿ, ಆಲೂಗೆಡ್ಡೆ, ಕಡಲೆಕಾಯಿ, ರೇಷ್ಮೆಗೂಡು ಇವು ಈ ಸೀಮೆಯ ಸಂಪತ್ತು. ರಾಗಿಯನ್ನು ಹಗೇವಿನಲ್ಲಿ ಹೂಳಿಟ್ಟು ವರ್ಷಗಟ್ಟಲೆ ಕಾಯಬಹುದು; ಗೂಡು ಕಾಯುವುದಿಲ್ಲ, ತರಕಾರಿಯೂ ಕಾಯುವುದಿಲ್ಲ. ಇಲ್ಲಿಗೆ ಬೇಗ ಹೋಗಿ ಬರುವ ಸಾರಿಗೆ ಬೇಕಾಗಿತ್ತು.

ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದ ಅವಧಿಯಲ್ಲಿ ಈ ಕೊರತೆಯು ನೀಗಿತು. ಅವರ ಹುಟ್ಟೂರಾದ ಮುದ್ದೇನಹಳ್ಳಿ ಇರುವುದೂ ಇದೇ ಸೀಮೆಯಲ್ಲಿ, ನಂದಿಬೆಟ್ಟದ ಸನಿಹದಲ್ಲಿ. ಒಂದು ಕಡೆ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲಿ ಗಾಡಿ ಬಂದಿತು. ಅದೇ ಹಾದಿ 1916ರ ಹೊತ್ತಿಗೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಹಾಯ್ದು ಚಿಕ್ಕಬಳ್ಳಾಪುರವನ್ನು ಮುಟ್ಟಿತು. ಇನ್ನೊಂದು ಕಡೆ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ 'ಬೆಂಗಳೂರು-ಚಿಕ್ಕಬಳ್ಳಾಪುರ ಲೈಟ್ ರೈಲ್ವೆ'ಯು ತೆರೆಯಿತು. ಇದನ್ನು ನಡೆಸಲು ಷೇರು ಬಂಡವಾಳದ ಒಂದು ಕಂಪನಿಯೇ ಹುಟ್ಟಿಕೊಂಡಿತ್ತೆಂಬುದು ಗಮನಾರ್ಹ. ತಮ್ಮ ಸರಕು ಪೇಟೆಗೆ ಹೋಗಬೇಕೆಂಬ ಆಸೆಯಿಂದ ಈ ಸೀಮೆಯವರೇ ಷೇರು ಕೊಂಡರು. ಆದುದರಿಂದ ಈ ಹಾದಿಯನ್ನು ಮೇಲಿನಿಂದ ದಯಪಾಲಿಸಿದ್ದೆಂದು ತಿಳಿಯಲಾಗದು. ಜನರ ಗಂಟಿನ ಹಣವೂ ಇದರಲ್ಲಿ ಸೇರಿತ್ತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಮುಂತಾದ ನಿಲ್ದಾಣಗಳು ಹೀಗೆ ಹುಟ್ಟಿದವು.

ಚಿಕ್ಕ ಹಳಿ ಏಕೆ?

ಹಳಿಗಳೆರಡರ ನಡುವಣ ಅಂತರಕ್ಕೆ ಗೇಜು ಎನ್ನುತ್ತಾರೆ. ಬ್ರಾಡ್ ಗೇಜಿನಲ್ಲಿ ಅದು 5 ಅಡಿ 6 ಅಂಗುಲ. ಮೀಟರ್ ಗೇಜಿನಲ್ಲಿ ಹೆಸರೇ ಹೇಳುವಂತೆ ಒಂದು ಮೀಟರು. ದೊಡ್ಡಜಾಲದ ಹಾದಿಯದು 2 ಅಡಿ 6 ಅಂಗುಲದ ನ್ಯಾರೋ ಗೇಜು. ಇದನ್ನು ಆರಿಸಿದ್ದಕ್ಕೆ ಕಾರಣ ಮಿತವ್ಯಯ. ಹಳಿ ಕಿರಿದಾದರೆ ಬೇಕಾದ ಭೂಮಿ ಕಡಿಮೆ, ಏರಿಗೆ ಹಾಕುವ ಮಣ್ಣು ಕಡಿಮೆ, ಸೇತುವೆ ಸಣ್ಣದು, ಕಬ್ಬಿಣ ಹಗುರ. ಗುಡ್ಡ ಅಡ್ಡ ಬಂದರೆ ಕೊರೆಯದೆ ಬಳಸಿಕೊಂಡು ಹೋಗಬಹುದು. ಕೆರೆ ಅಡ್ಡ ಬಂದರೆ ಏರಿಯ ಪಕ್ಕಕ್ಕೆ ತಿರುಗಬಹುದು. ದೊಡ್ಡ ಹಳಿಯ ಖರ್ಚನ್ನು ತಡೆಯಲಾರದ ಸೀಮೆಗೆ ಇದು ತಕ್ಕ ಏರ್ಪಾಡು.

ಆದರೆ ಉಳಿತಾಯದ ಜೊತೆಗೆ ಒಂದು ತೊಡಕೂ ಬಂದಿತು. ನ್ಯಾರೋ ಗೇಜಿನ ವ್ಯಾಗನ್ನು ಬ್ರಾಡ್ ಗೇಜಿನ ಮೇಲೆ ಓಡಲಾರದು. ಚಿಂತಾಮಣಿಯಲ್ಲಿ ಹೇರಿದ ಕಡಲೆಕಾಯಿ ಮೂಟೆ ಮದರಾಸಿಗೆ ಹೋಗಬೇಕಾದರೆ ಬಂಗಾರಪೇಟೆಯಲ್ಲಿ ಇಳಿದು, ಹಮಾಲರ ಹೆಗಲೇರಿ, ಬೇರೆ ಗಾಡಿಗೆ ಹತ್ತಬೇಕು. ಪ್ರತಿ ಮೂಟೆಗೂ ಎರಡು ಕೂಲಿ, ಎರಡು ದಿನದ ತಡ. ಆರಂಭದಲ್ಲಿ ಇದಕ್ಕಿಂತ ಬೇಗ ಹೋಗುವ ಬೇರೆ ಸಾಧನವಿರಲಿಲ್ಲವಾಗಿ ಜನ ಸಹಿಸಿಕೊಂಡರು. ಲಾರಿ ಬಂದ ಮೇಲೆ ಸಹಿಸಿಕೊಳ್ಳುವ ಅಗತ್ಯ ಉಳಿಯಲಿಲ್ಲ. ಈ ಹಾದಿಯ ಅವನತಿಯ ಬೀಜ ಅದರ ಹುಟ್ಟಿನಲ್ಲಿಯೇ ಇತ್ತೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಹೇಳಿದರೆ ತಪ್ಪಾಗಲಾರದು.

ನಿಲ್ದಾಣವೆಂದರೇನು?

ಗಾಡಿ ನಿಲ್ಲುವ ಜಾಗಗಳೆಲ್ಲ ಒಂದೇ ದರ್ಜೆಯವಲ್ಲ. ಸ್ಟೇಷನ್ ಮಾಸ್ತರರಿದ್ದು, ಪಕ್ಕದ ನಿಲ್ದಾಣದೊಡನೆ ಮಾತನಾಡಿ, ಮುಂದಿನ ಹಳಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು ಗಾಡಿಗೆ ಅಪ್ಪಣೆ ಕೊಡುವ ಅಧಿಕಾರವುಳ್ಳದ್ದು ಪೂರ್ಣ ನಿಲ್ದಾಣ. ಒಂಟಿ ಹಳಿಯಲ್ಲಿ ಎದುರುಬದುರಾಗಿ ಬರುವ ಎರಡು ಗಾಡಿಗಳು ಡಿಕ್ಕಿಯಾಗದಂತೆ ಕಾಯುವುದು ಈ ಅಪ್ಪಣೆಯೇ. ಡ್ರೈವರನ ಕೈಗೆ ಆ ಭಾಗದ ಟೋಕನ್ ಸಿಕ್ಕದೆ ಗಾಡಿ ಕದಲುವಂತಿರಲಿಲ್ಲ. ಗಾಡಿ ನಡೆಸುವ ಅಧಿಕಾರವಿಲ್ಲದೆ ಕೇವಲ ಜನ ಹತ್ತಿ ಇಳಿಯಲೆಂದು ಇರುವುದು ಹಾಲ್ಟ್. ಅಲ್ಲಿ ಟಿಕೇಟು ಮಾರುವವನು ಬಹುಮಟ್ಟಿಗೆ ಕಮಿಷನ್ನಿನ ಮೇಲೆ ಕೆಲಸ ಮಾಡುವ ಏಜೆಂಟ. ಹಾದಿಯ ಒಂದು ನಿಲ್ದಾಣದ ಹೆಸರಿನಲ್ಲಿಯೇ 'ಹಾಲ್ಟ್' ಸೇರಿಕೊಂಡು, ನಂದಿಯ ಜನ ಇಂದಿಗೂ ಅದನ್ನು ನಂದಿ ಹಾಲ್ಟ್ ಎಂದೇ ಕರೆಯುತ್ತಾರೆ.

ಹಳ್ಳಿಯವನಿಗೆ ಈ ದರ್ಜೆಗಳ ಗೊಡವೆಯಿರಲಿಲ್ಲ. ಗಾಡಿ ನಿಂತರೆ ಅದು ಸ್ಟೇಷನ್ನು. ಚಿಕ್ಕ ಹಳಿಯ ಗಾಡಿ ಏರಿನಲ್ಲಿ ಎಷ್ಟು ನಿಧಾನವಾಗಿ ಹೋಗುತ್ತಿತ್ತೆಂದರೆ, ಇಳಿದು ಹುಣಸೆಕಾಯಿ ಕಿತ್ತುಕೊಂಡು ಮತ್ತೆ ಅದೇ ಡಬ್ಬಿಗೆ ಹತ್ತಬಹುದಿತ್ತು ಎಂದು ನಮ್ಮೂರಿನ ಹಿರಿಯರು ನಗುತ್ತ ಹೇಳುತ್ತಾರೆ. ಇದರಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ಸೊಪ್ಪಿನ ಕುಕ್ಕೆ, ಹಾಲಿನ ಕ್ಯಾನು, ಕೋಳಿ ಪಂಜರ ಇವೆಲ್ಲವನ್ನೂ ತನ್ನೊಡನೆ ಡಬ್ಬಿಯೊಳಗೆ ಒಯ್ಯಲು ಬಿಡುತ್ತಿದ್ದ ವಾಹನ ಹಳ್ಳಿಯವನಿಗೆ ಬೇರೊಂದಿರಲಿಲ್ಲ ಎಂಬುದು ನಿಜ.

ಅವನತಿಯ ಕಾರಣಗಳು

ಮೈಸೂರು ಸಂಸ್ಥಾನದ ರೈಲ್ವೆಯು 1951ರ ಏಪ್ರಿಲ್ 14ರಂದು ಹೊಸದಾಗಿ ಹುಟ್ಟಿದ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. ಸಂಸ್ಥಾನದ ಮಟ್ಟಿಗೆ ಮುಖ್ಯವಾಗಿದ್ದ ಚಿಕ್ಕ ಹಾದಿಯು ಮದರಾಸಿನಲ್ಲಿ ಕೇಂದ್ರ ಕಚೇರಿಯಿದ್ದ ದೊಡ್ಡ ರೈಲ್ವೆಯ ಲೆಕ್ಕದಲ್ಲಿ ಒಂದು ಮೂಲೆಯ ಕವಲಾಗಿ ಬಿಟ್ಟಿತು. ಇದು ಮೊದಲನೆಯ ಕಾರಣ.

ಎರಡನೆಯದು ರಸ್ತೆಯ ಪೈಪೋಟಿ. ಮೈಸೂರು ಸರಕಾರದ ರಸ್ತೆ ಸಾರಿಗೆ ಇಲಾಖೆಯು 1948ರಲ್ಲಿ ಆರಂಭವಾಗಿ, ಬಸ್ಸುಗಳು ವರ್ಷ ವರ್ಷಕ್ಕೆ ಹೆಚ್ಚಿದವು. ಬೆಂಗಳೂರಿನಿಂದ ದೇವನಹಳ್ಳಿಯ ಮೇಲೆ ಉತ್ತರಕ್ಕೆ ಹೋಗುವ ಬಳ್ಳಾರಿ ರಸ್ತೆಯು ಹಳಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿದೆ. ಅದೇ ಮುಂದೆ 7ನೆಯ ರಾಷ್ಟ್ರೀಯ ಹೆದ್ದಾರಿಯಾಗಿ, ಈಗ 44ನೆಯದೆಂದು ಗುರುತಾಗಿದೆ. ಬಸ್ಸು ಊರ ಬಾಗಿಲಿಗೆ ಬರುತ್ತದೆ. ನಿಲ್ದಾಣಕ್ಕೆ ನಡೆದು ಹೋಗಬೇಕು. ದಾರಿ ರಿಪೇರಿಯ ಖರ್ಚನ್ನು ಬಸ್ಸಿನವರು ನೇರವಾಗಿ ಹೊರಬೇಕಾಗಿಲ್ಲ. ರೈಲ್ವೆಯಾದರೋ ತನ್ನ ಹಳಿಯ ಪ್ರತಿಯೊಂದು ಸ್ಲೀಪರಿಗೂ ತಾನೇ ಹಣ ತೆರಬೇಕು.

ಮೂರನೆಯ ಕಾರಣ ಗೇಜು ಬದಲಾವಣೆ. ದೇಶದ ಹಳಿಗಳನ್ನೆಲ್ಲ ಬ್ರಾಡ್ ಗೇಜಿಗೆ ತರುವ ಯೋಜನೆ 1992ರಲ್ಲಿ ಮೊದಲಾಯಿತು. ಯಲಹಂಕ-ಚಿಕ್ಕಬಳ್ಳಾಪುರದ ಚಿಕ್ಕ ಹಳಿಯನ್ನು ಆ ದಶಕದಲ್ಲಿ ಕಿತ್ತು ದೊಡ್ಡ ಹಳಿ ಹಾಕಿದರು. ಕೋಲಾರ-ಬಂಗಾರಪೇಟೆಯ ತುಂಡಿನಲ್ಲಿ ದೊಡ್ಡ ಹಳಿಯಾದ ಮೇಲೆ ಒಂದು ಪುಟ್ಟ ರೈಲ್‌ಬಸ್ಸು ಓಡಾಡುತ್ತಿತ್ತು. ಆದರೆ ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ನಡುಭಾಗ ಪೂರ್ಣವಾಗಿ ಬ್ರಾಡ್ ಗೇಜಾಗಿ ತೆರೆದದ್ದು 2013ರಲ್ಲಿ. ಅಷ್ಟು ವರ್ಷ ಚಿಕ್ಕಬಳ್ಳಾಪುರವು ಹಾದಿಯ ಕೊನೆಯೇ ಆಗಿತ್ತು. ಮುಂದಕ್ಕೆ ದಾರಿಯಿಲ್ಲದ ಹಳಿಯ ಮೇಲೆ ಗಾಡಿಗಳು ಬೆರಳೆಣಿಕೆಯಷ್ಟು ಮಾತ್ರ ಓಡುತ್ತಿದ್ದವು. ಚಿಕ್ಕ ಗಾಡಿಯ ಅಳತೆಗೆ ಕಟ್ಟಿದ ಹಳೆಯ ನಿಲ್ದಾಣಗಳು ಇದರಿಂದ ಕೆಲಸವಿಲ್ಲದಂತಾದವು. ದೊಡ್ಡಜಾಲದ ಕಲ್ಲುಕಟ್ಟಡ ಬಳಕೆ ತಪ್ಪಿ ಪಾಳು ಬಿದ್ದದ್ದು ಈ ಅವಧಿಯಲ್ಲಿಯೇ.

ಇಲ್ಲಿ ಒಂದು ಮಾತನ್ನು ಎತ್ತಿ ಹೇಳಬೇಕು. ಹಳಿಯನ್ನು ದೊಡ್ಡದು ಮಾಡಿದ್ದು ಹಾದಿಯ ಹಳೆಯ ತೊಡಕನ್ನು ಕಳೆಯುವುದಕ್ಕೆ. ಮೂಟೆಯನ್ನು ಇಳಿಸಿ ಏರಿಸುವ ಕಷ್ಟ ನೀಗಿತು. ಆದರೆ ಆ ಹೊತ್ತಿಗೆ ಮೂಟೆಗಳು ಲಾರಿ ಹತ್ತಿ ಹೋಗಿದ್ದವು. ಪ್ರಯಾಣಿಕನಿಗೆ ಬೇಕಾಗಿದ್ದುದು ಹೊತ್ತಿಗೆ ಸರಿಯಾಗಿ ಬರುವ ನಾಲ್ಕು ಗಾಡಿಗಳು. ಅವು ಬರಲಿಲ್ಲ.

ಲೆಕ್ಕದ ಪ್ರಶ್ನೆ

ಸಣ್ಣ ನಿಲ್ದಾಣವನ್ನು ಮುಚ್ಚುವಾಗ ಎಲ್ಲ ದೇಶಗಳಲ್ಲಿಯೂ ಹೇಳುವ ಕಾರಣ ಒಂದೇ: ಆದಾಯವಿಲ್ಲ. ಇಂಗ್ಲೆಂಡಿನಲ್ಲಿ ಡಾ. ಬೀಚಿಂಗರು 1963ರಲ್ಲಿ ಕೊಟ್ಟ ವರದಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನೂ ಸುಮಾರು ಐದು ಸಾವಿರ ಮೈಲಿ ಹಾದಿಯನ್ನೂ ಮುಚ್ಚಬೇಕೆಂದು ಅವರು ಸೂಚಿಸಿದರು. ಅವರ ಗಣನೆಗೆ ಆಧಾರವಾದದ್ದು 1961ರ ಏಪ್ರಿಲ್ ತಿಂಗಳ ಒಂದೇ ವಾರದ ಸಂಚಾರ ಎಂದು ಟೀಕಾಕಾರರು ಆಗಲೇ ಆಕ್ಷೇಪಿಸಿದರು. ಬೇಸಗೆಯಲ್ಲಿ ಜನ ತುಂಬಿ ತುಳುಕುವ ಕಡಲತೀರದ ನಿಲ್ದಾಣವು ಏಪ್ರಿಲಿನಲ್ಲಿ ಖಾಲಿಯಾಗಿ ಕಾಣದೆ ಇನ್ನೇನಾದೀತು?

ಈ ಲೆಕ್ಕದಲ್ಲಿ ಇನ್ನೊಂದು ದೋಷವೂ ಇದೆ. ದೊಡ್ಡಜಾಲದಂತಹ ನಿಲ್ದಾಣದ ಆದಾಯವನ್ನು ಅಲ್ಲಿ ಮಾರಿದ ಟಿಕೇಟಿನಿಂದ ಅಳೆಯುತ್ತಾರೆ. ಒಬ್ಬ ಹೆಂಗಸು ಬೆಳಗ್ಗೆ ಅಲ್ಲಿ ಟಿಕೇಟು ಕೊಂಡು ಬೆಂಗಳೂರಿಗೆ ಹೋಗಿ ಸೊಪ್ಪು ಮಾರುತ್ತಾಳೆ. ಸಂಜೆ ಹಿಂತಿರುಗುವ ಟಿಕೇಟನ್ನು ಬೆಂಗಳೂರಿನಲ್ಲಿ ಕೊಳ್ಳುತ್ತಾಳೆ. ಆ ಹಣ ಬೆಂಗಳೂರಿನ ಖಾತೆಗೆ ಜಮೆಯಾಗುತ್ತದೆ. ಆದರೆ ದೊಡ್ಡಜಾಲದಲ್ಲಿ ಗಾಡಿ ನಿಲ್ಲದಿದ್ದರೆ ಎರಡು ಟಿಕೇಟುಗಳೂ ಹೋಗುತ್ತವೆ. ಕೊಂಬೆ ಕಡಿದ ಮೇಲೆ ಬುಡಕ್ಕೆ ನೆರಳು ಕಡಿಮೆಯಾಯಿತೆಂದು ಅಚ್ಚರಿಪಡುವುದು ಸಲ್ಲದು.

ಟಿಕೇಟಿನಲ್ಲಿ ಎಂದೂ ಕಾಣದ ಲೆಕ್ಕವೊಂದನ್ನು ಇಲ್ಲಿ ಹೇಳಲು ವಾಚಕರ ಅನುಮತಿ ಬೇಡುತ್ತೇನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು. ನಮ್ಮ ಹಳ್ಳಿ ಇಂತಹುದೇ ಒಂದು ಹಳಿಯಿಂದ ಕೂಗಳತೆಯ ದೂರದಲ್ಲಿದೆ. ಗಾಡಿ ಕಾಣುತ್ತದೆ, ಕೇಳುತ್ತದೆ, ನಿಲ್ಲುವುದಿಲ್ಲ. ನನ್ನೊಡನೆ ಪಿ.ಯು.ಸಿ. ಮುಗಿಸಿದ ಗೆಳತಿಯೊಬ್ಬಳು ಮುಂದೆ ಓದಲಿಲ್ಲ. ಅಂಕಗಳಲ್ಲಿ ಅವಳು ನನಗಿಂತ ಮುಂದು. ಸಂಜೆಯ ಬಸ್ಸು ತಪ್ಪಿದರೆ ಮುಂದಿನದಕ್ಕೆ ಎರಡು ಗಂಟೆ ಕಾಯಬೇಕು, ಕತ್ತಲಲ್ಲಿ ಗೇಟಿನಿಂದ ಊರಿಗೆ ನಡೆಯಬೇಕು. "ಬೇಡ ಕಣಮ್ಮ, ಓದಿದ್ದು ಸಾಕು" ಎಂದು ಅವಳ ಮನೆಯವರು ಹೇಳಿದರು. ನಮ್ಮ ತಂದೆಯವರು ಮೂರು ವರ್ಷ ಸೈಕಲ್ ಹಿಡಿದು ಗೇಟಿನ ಬಳಿ ಕಾದರು. ಅದರಿಂದ ನನ್ನ ಓದು ನಡೆಯಿತು. ಯಾವ ನಿಲ್ದಾಣದ ಯಾವ ಖಾತೆಯಲ್ಲಿಯೂ ಅವಳ ಓದು ನಷ್ಟವೆಂದು ಬರೆಯಲ್ಪಟ್ಟಿಲ್ಲ. ಆದರೆ ಅದು ನಷ್ಟವಲ್ಲವೆಂದು ಯಾರಾದರೂ ಹೇಳಬಲ್ಲರೇ?

ಹೊಸ ಕಾಲದ ವಿಚಿತ್ರ

ದೊಡ್ಡಜಾಲದ ಕಥೆ ಪಾಳುಕಟ್ಟಡದಲ್ಲಿ ಮುಗಿದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2008ರ ಮೇ 24ರಂದು ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಕೆಲಸ ಆರಂಭಿಸಿತು. ಅದರ ಅಂಚಿನಲ್ಲಿಯೇ ಈ ಹಳಿ ಹಾದುಹೋಗುತ್ತದೆ. ಹನ್ನೆರಡು ವರ್ಷಗಳ ಮೇಲೆ, 2021ರ ಜನವರಿಯಲ್ಲಿ, ದೊಡ್ಡಜಾಲಕ್ಕೂ ದೇವನಹಳ್ಳಿಗೂ ನಡುವೆ ವಿಮಾನ ಪ್ರಯಾಣಿಕರಿಗೆಂದು ಹೊಸ ಹಾಲ್ಟ್ ಒಂದು ತೆರೆಯಿತು. ನೂರು ವರ್ಷಗಳ ಹಿಂದೆ ಸೊಪ್ಪು ಆಲೂಗೆಡ್ಡೆಗಳಿಗಾಗಿ ಬಿದ್ದ ಹಾದಿಯಲ್ಲಿ ವಿಮಾನ ಹತ್ತುವವರು ಇಳಿಯುವಂತಾಯಿತು. ಕಾಲಚಕ್ರವೆಂದರೆ ಇದೇ ಇರಬೇಕು.

ಹೊಸ ಹಾಲ್ಟ್ ಸಹ ಒಂದು ಪಾಠ ಕಲಿಸಿತು. ಗಾಡಿಗಳ ವೇಳೆ ವಿಮಾನದ ವೇಳೆಗಾಗಲಿ, ಅಲ್ಲಿ ದುಡಿಯುವವರ ಪಾಳಿಗಾಗಲಿ ಹೊಂದದೆ ಪ್ರಯಾಣಿಕರು ಕಡಿಮೆಯೆಂಬ ವರದಿಗಳು ಮೊದಲಲ್ಲಿಯೇ ಪತ್ರಿಕೆಗಳಲ್ಲಿ ಬಂದವು. ಹಳ್ಳಿಯ ನಿಲ್ದಾಣವನ್ನು ಸೊರಗಿಸಿದ ಕಾಯಿಲೆಯೇ ವಿಮಾನಯಾತ್ರಿಕರ ನಿಲ್ದಾಣಕ್ಕೂ ತಗುಲಿತು. ಬಡವನಾಗಲಿ ಬಲ್ಲಿದನಾಗಲಿ, ತನ್ನ ಹೊತ್ತಿಗೆ ಬಾರದ ಗಾಡಿಗೆ ಯಾರೂ ಕಾಯುವುದಿಲ್ಲ.

ಇತ್ತ ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ಶ್ರಮಿಸುವ ಇಂಟ್ಯಾಕ್ ಸಂಸ್ಥೆಯು ರೈಲ್ವೆಯ ಜೊತೆಗೂಡಿ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಈ ನಾಲ್ಕು ಹಳೆಯ ನಿಲ್ದಾಣಗಳ ಜೀರ್ಣೋದ್ಧಾರವನ್ನು ಕೈಗೆತ್ತಿಕೊಂಡಿತು. ಇದು ಸ್ತುತ್ಯ ಕಾರ್ಯ. ಕಲ್ಲು ಕದ್ದುಹೋಗುವ ಮೊದಲು, ಆಲದ ಬೇರು ಗೋಡೆಯನ್ನು ಸೀಳುವ ಮೊದಲು ಕಟ್ಟಡಗಳ ಕಡೆಗೆ ಲಕ್ಷ್ಯ ಬಿದ್ದಿತು. ಆದರೂ ನಿಲ್ದಾಣವನ್ನು ದೇವಾಲಯದಂತೆ ಅಥವಾ ಕೋಟೆಯಂತೆ ಕೇವಲ ನೋಡುವ ವಸ್ತುವಾಗಿ ಉಳಿಸಿದರೆ ಕೆಲಸ ಅರ್ಧವಾದಂತೆ. ಕೋಟೆಗೆ ಇಂದು ಕಾವಲುಗಾರರು ಬೇಕಿಲ್ಲ. ನಿಲ್ದಾಣಕ್ಕೆ ಗಾಡಿ ಇಂದಿಗೂ ಬೇಕು.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ದೊಡ್ಡಜಾಲದ ನಿಲ್ದಾಣ ಹುಟ್ಟಿದ್ದು ಈ ಸೀಮೆಯ ಜನರ ಅಗತ್ಯದಿಂದ, ಅವರದೇ ಬಂಡವಾಳದ ನೆರವಿನಿಂದ. ಅದು ಬಳಕೆ ತಪ್ಪಿದ್ದಕ್ಕೆ ಗೇಜಿನ ತೊಡಕು, ರಸ್ತೆಯ ಪೈಪೋಟಿ, ದೂರದ ಆಡಳಿತ ಇವು ಕಾರಣಗಳಾದವು. ಆದರೆ ಅಗತ್ಯ ಮುಗಿದುಹೋಗಿತ್ತೆಂದು ಹೇಳುವಂತಿಲ್ಲ. ಮೊದಲು ಗಾಡಿಗಳ ಪಟ್ಟಿ ಬಡವಾಯಿತು. ಪಟ್ಟಿ ಬಡವಾದ ಮೇಲೆ ಜನ ಬಿಟ್ಟರು. ಜನ ಬಿಟ್ಟ ಮೇಲೆ ಕಟ್ಟಡ ಬಿದ್ದಿತು. ಈ ಕ್ರಮವನ್ನು ತಿರುಗಿಸಿ, ಜನ ಬರಲಿಲ್ಲವಾದ್ದರಿಂದ ಗಾಡಿ ನಿಲ್ಲಿಸಿದೆವು ಎಂದು ಬರೆದರೆ ಅದು ಇತಿಹಾಸವಾಗದು.

ಬೆಂಗಳೂರಿನ ಉಪನಗರ ರೈಲು ಯೋಜನೆಗೆ ಕೇಂದ್ರ ಸರಕಾರವು 2020ರಲ್ಲಿ ಒಪ್ಪಿಗೆ ಕೊಟ್ಟಿತು. ದೇವನಹಳ್ಳಿಯ ಕಡೆಗೆ ಹೋಗುವ ಅದರ ಹಾದಿಗೆ 'ಸಂಪಿಗೆ' ಎಂದು ಹೆಸರಿಟ್ಟಿದ್ದಾರೆ. ಆ ಹಾದಿಗೆ ಯೋಜಿಸಿದ ನಿಲ್ದಾಣಗಳ ಪಟ್ಟಿಯಲ್ಲಿ ದೊಡ್ಡಜಾಲದ ಹೆಸರೂ ಇದೆ. ಈ ಯೋಜನೆಯ ಗಾಡಿಗಳ ವೇಳೆಯನ್ನು ಗೊತ್ತುಪಡಿಸುವವರು ಬೆಳಗ್ಗೆ ಸೊಪ್ಪಿನ ಕುಕ್ಕೆ ಹೊತ್ತವರನ್ನೂ, ಸಂಜೆ ಪುಸ್ತಕ ಹಿಡಿದು ಊರಿಗೆ ಹಿಂತಿರುಗುವ ಹೆಣ್ಣುಮಕ್ಕಳನ್ನೂ ನೆನಪಿನಲ್ಲಿಟ್ಟುಕೊಂಡರೆ 1915ರ ಆ ಷೇರುದಾರರ ಹಣ ಸಾರ್ಥಕವಾದೀತು. ನಮ್ಮ ಕಾಲೇಜಿನ ಇತಿಹಾಸ ಸಂಘದ ಮಿತ್ರರು ತಮ್ಮ ತಮ್ಮ ಊರಿನ ಹಳೆಯ ನಿಲ್ದಾಣ, ಸಂತೆಮಾಳ, ಗಾಡಿಹಾದಿಗಳ ಕಥೆಯನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕೆಂದು ಕೋರಿ ಈ ಲೇಖನವನ್ನು ಮುಗಿಸುತ್ತೇನೆ.